ನಾಲ್ಕು ಊರು, ಒಂದೇ ಪ್ರವಾಸ: ವಿಮಾನ, ನಿಲ್ದಾಣ ಆರಿಸುವುದು ಹೇಗೆ?

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯ ದಾರಿ. ಕೋಲಾರದವರಿಗೆ ವೇಮಗಲ್, ವಿಜಯಪುರದ ಮೇಲೆ ಸುಮಾರು ಒಂದೂವರೆ ಗಂಟೆ. ತುಮಕೂರಿನವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಕಡೆಯಿಂದ ಬಂದರೆ ಬೆಂಗಳೂರಿನ ಒಳಗೆ ಕಾಲಿಡದೆ ಎರಡು ಗಂಟೆಯಲ್ಲಿ ತಲುಪಬಹುದು. ವಿದೇಶ ಪ್ರವಾಸಕ್ಕೆ ಹೊರಡುವ ನಿಲ್ದಾಣದ ಬಗ್ಗೆ ಈ ಮೂರೂ ಜಿಲ್ಲೆಯವರು ಹೆಚ್ಚು ಯೋಚಿಸಬೇಕಿಲ್ಲ. ಯೋಚಿಸಬೇಕಾದ್ದು ಆ ಕಡೆಯದು: ಎಲ್ಲಿ ಇಳಿಯಬೇಕು, ಎಲ್ಲಿಂದ ವಾಪಸು ಹತ್ತಬೇಕು, ನಡುವೆ ಎಲ್ಲಿ ವಿಮಾನ ಬದಲಿಸಬೇಕು.

ಹೆಚ್ಚಿನವರು ಆ್ಯಪ್ ತೆರೆದು ‘ಬೆಂಗಳೂರು–ಪ್ಯಾರಿಸ್’ ಎಂದು ಹೋಗಿಬರುವ ಟಿಕೆಟ್ ಹುಡುಕಿ, ಎಲ್ಲಕ್ಕಿಂತ ಅಗ್ಗದ್ದನ್ನು ಒತ್ತಿಬಿಡುತ್ತಾರೆ. ಸ್ವಿಟ್ಜರ್ಲೆಂಡ್, ಇಟಲಿ ಎಲ್ಲ ಸುತ್ತಿ ಕೊನೆಗೆ ರೋಮ್‌ನಲ್ಲಿ ನಿಂತಾಗ, ಮನೆಗೆ ಬರಲು ಮತ್ತೆ ಪ್ಯಾರಿಸ್‌ಗೆ ಹೋಗಬೇಕು ಎಂಬುದು ನೆನಪಾಗುತ್ತದೆ. ನಾಲ್ಕು ಜನರ ಒಳವಿಮಾನದ ಟಿಕೆಟ್, ಲಗೇಜಿನ ಹಣ, ಒಂದು ರಾತ್ರಿಯ ಹೋಟೆಲು, ರಜೆಯ ಒಂದು ದಿನ ಇಷ್ಟನ್ನೂ ಕೂಡಿಸಿದರೆ ಅಗ್ಗದ ಟಿಕೆಟ್ ಅಗ್ಗವಾಗಿ ಉಳಿಯುವುದಿಲ್ಲ.

ಮೊದಲು ಹಾಳೆ, ಆಮೇಲೆ ಆ್ಯಪ್

ಹಾಳೆಯ ಮೇಲೆ ನೋಡಬೇಕಾದ ಊರುಗಳನ್ನು ಭೂಪಟದಲ್ಲಿ ಇರುವ ಹಾಗೇ ಗುರುತಿಸಿ, ಗೆರೆ ಎಳೆಯಿರಿ. ಗೆರೆ ಹಿಂದಕ್ಕೆ ತಿರುಗಬಾರದು, ತನ್ನನ್ನೇ ದಾಟಬಾರದು. ಗೆರೆಯ ಒಂದು ತುದಿ ಇಳಿಯುವ ನಿಲ್ದಾಣ, ಇನ್ನೊಂದು ತುದಿ ಹತ್ತುವ ನಿಲ್ದಾಣ. ಪ್ಯಾರಿಸ್, ಜ್ಯೂರಿಕ್, ಮಿಲಾನ್, ಫ್ಲಾರೆನ್ಸ್, ರೋಮ್ ಹೀಗೆ ಸಾಲಾಗಿ ಬರುತ್ತವೆ. ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ಹತ್ತುವ ಇಂಥ ಟಿಕೆಟ್ಟಿಗೆ ಏಜೆಂಟರು ‘ಓಪನ್ ಜಾ’ ಎನ್ನುತ್ತಾರೆ. ಆ್ಯಪ್‌ನಲ್ಲಿ ‘ಮಲ್ಟಿ ಸಿಟಿ’ ಎಂಬ ಆಯ್ಕೆಯ ಕೆಳಗೆ ಇದನ್ನು ಹುಡುಕಬೇಕು. ಎರಡು ಒನ್‌ವೇ ಟಿಕೆಟ್ ಬೇರೆ ಬೇರೆ ಕೊಳ್ಳಬೇಡಿ. ದೊಡ್ಡ ವಿಮಾನ ಸಂಸ್ಥೆಗಳ ಒನ್‌ವೇ ದರ ಹಲವು ಬಾರಿ ಹೋಗಿಬರುವ ದರದ ಅರ್ಧಕ್ಕಿಂತ ತುಂಬ ಹೆಚ್ಚಿರುತ್ತದೆ.

ಗೆರೆಯ ನಡುವಿನ ಊರುಗಳಿಗೆ ವಿಮಾನ ಬೇಕೇ ಎಂದು ಆಮೇಲೆ ನೋಡಿ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ವೇಗದ ರೈಲಿನಲ್ಲಿ ಸುಮಾರು 4 ಗಂಟೆ. ಜ್ಯೂರಿಕ್‌ನಿಂದ ಮಿಲಾನ್‌ಗೆ, 57 ಕಿ.ಮೀ. ಉದ್ದದ ಗಾಟ್‌ಹಾರ್ಡ್ ಸುರಂಗದ ಮೂಲಕ, ಮೂರೂವರೆ ಗಂಟೆಯ ಆಸುಪಾಸು. ಮಿಲಾನ್‌ನಿಂದ ಫ್ಲಾರೆನ್ಸ್‌ಗೆ ಎರಡು, ಅಲ್ಲಿಂದ ರೋಮ್‌ಗೆ ಒಂದೂವರೆ ಗಂಟೆ. ವಿಮಾನ ಗಾಳಿಯಲ್ಲಿ ಒಂದು ಗಂಟೆಯೇ ಹಾರಿದರೂ ಊರಿಂದ ನಿಲ್ದಾಣಕ್ಕೆ ಹೋಗಲು ಒಂದು ಗಂಟೆ, ಅಲ್ಲಿ ಎರಡು ಗಂಟೆ ಕಾಯಲು, ಇಳಿದ ಮೇಲೆ ಊರು ಸೇರಲು ಮತ್ತೊಂದು ಗಂಟೆ ಬೇಕು. ನಾಲ್ಕು ಗಂಟೆಯೊಳಗಿನ ದಾರಿಗೆ ರೈಲೇ ವಾಸಿ. ರೈಲು ಊರಿನ ನಡುಮಧ್ಯೆ ಇಳಿಸುತ್ತದೆ, ಸೂಟ್‌ಕೇಸ್ ತೂಗುವುದಿಲ್ಲ.

ಲಂಡನ್ ಸೇರಿಸಿಕೊಳ್ಳುವವರು ಗೆರೆಯನ್ನು ಇನ್ನೂ ಜಾಗ್ರತೆಯಿಂದ ಎಳೆಯಬೇಕು. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಲು ಬಿಡುವ ಷೆಂಗೆನ್ ಒಪ್ಪಂದದ ಒಳಗೆ ಬ್ರಿಟನ್ ಇಲ್ಲ, ಅದಕ್ಕೆ ವೀಸಾ ಬೇರೆ. ಪ್ಯಾರಿಸ್, ಲಂಡನ್, ರೋಮ್ ಎಂಬ ಕ್ರಮದಲ್ಲಿ ಹೋದರೆ ಷೆಂಗೆನ್‌ನಿಂದ ಹೊರಬಿದ್ದು ಮತ್ತೆ ಒಳಹೊಕ್ಕಂತಾಗುತ್ತದೆ. ಒಂದೇ ಪ್ರವೇಶದ ವೀಸಾ ಸಿಕ್ಕಿದ್ದರೆ ಎರಡನೇ ಸಲ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಲಂಡನ್ ಯಾವಾಗಲೂ ಗೆರೆಯ ತುದಿಯಲ್ಲಿರಲಿ. ಬೆಂಗಳೂರಿನಿಂದ ನೇರವಾಗಿ ಹೀಥ್ರೂಗೆ ಹೋಗಿ, ಲಂಡನ್ ಮುಗಿಸಿ, ಯೂರೋಸ್ಟಾರ್ ರೈಲಿನಲ್ಲಿ ಎರಡೂಕಾಲು ಗಂಟೆಯ ಚಿಲ್ಲರೆಯಲ್ಲಿ ಪ್ಯಾರಿಸ್ ಸೇರುವುದು ಒಳ್ಳೆಯ ಕ್ರಮ.

ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದ್ದು ಮೊದಲು ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ತಂಗುವ ದೇಶಕ್ಕೆ. ಫ್ರಾನ್ಸ್‌ನಲ್ಲಿ 3 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 4, ಇಟಲಿಯಲ್ಲಿ 6 ಎಂದಾದರೆ ಪ್ಯಾರಿಸ್‌ನಲ್ಲಿ ಇಳಿದರೂ ಅರ್ಜಿ ಇಟಲಿಗೇ. ಎಲ್ಲ ಕಡೆ ಸಮ ದಿನಗಳಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಹಾಕಬಹುದು. ಏಪ್ರಿಲ್–ಮೇ ಶಾಲಾ ರಜೆಗೆ ಹೊರಡುವವರು ಡಿಸೆಂಬರ್‌ನಲ್ಲೇ ವೀಸಾ ಕೇಂದ್ರದ ಅಪಾಯಿಂಟ್‌ಮೆಂಟ್ ನೋಡಿಕೊಳ್ಳಬೇಕು.

ಊರು ಒಂದು, ನಿಲ್ದಾಣ ಹಲವು

ಟಿಕೆಟ್‌ನಲ್ಲಿ ಊರಿನ ಹೆಸರು ಕಂಡರೆ ಸಾಲದು, ನಿಲ್ದಾಣದ ಮೂರಕ್ಷರದ ಕೋಡ್ ಓದಿ. ಪ್ಯಾರಿಸ್ ಎಂದರೆ ಚಾರ್ಲ್ಸ್ ಡಿ ಗಾಲ್ ಇರಬಹುದು, ಓರ್ಲಿ ಇರಬಹುದು, ಊರಿನಿಂದ 80 ಕಿ.ಮೀ.ಗೂ ದೂರದ ಬೋವೆ ಕೂಡ ಇರಬಹುದು. ಬೋವೆಯನ್ನು ಪ್ಯಾರಿಸ್ ಎನ್ನುವುದು ಚಿಂತಾಮಣಿಯನ್ನು ಬೆಂಗಳೂರು ಎಂದಂತೆ. ಟೋಕಿಯೊದ ಹನೇಡಾ ಊರಿಗೆ ಅಂಟಿಕೊಂಡಿದೆ, ನರೀಟಾದಿಂದ ಎಕ್ಸ್‌ಪ್ರೆಸ್ ರೈಲಿನಲ್ಲೂ ಒಂದು ಗಂಟೆ ಬೇಕು. ಬೆಂಗಳೂರಿನ ನೇರ ವಿಮಾನ ಇಳಿಯುವುದು ನರೀಟಾದಲ್ಲಿ. ಮಿಲಾನ್‌ಗೆ ಮಾಲ್ಪೆನ್ಸಾ, ಲಿನಾಟೆ, ಬೆರ್ಗಾಮೊ. ಬ್ಯಾಂಕಾಕ್‌ಗೆ ಸುವರ್ಣಭೂಮಿ, ಡಾನ್ ಮುಯಾಂಗ್. ಇಸ್ತಾಂಬುಲ್‌ನ ಎರಡು ನಿಲ್ದಾಣಗಳಲ್ಲಿ ಒಂದು ಯುರೋಪ್ ಕಡೆ, ಇನ್ನೊಂದು ಏಷ್ಯಾ ಕಡೆ.

ಎಡವಟ್ಟಾಗುವುದು ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದರಿಂದ ಹತ್ತುವ ಟಿಕೆಟ್‌ಗಳಲ್ಲಿ. ನರೀಟಾದಲ್ಲಿ ಇಳಿದು ಹನೇಡಾದಿಂದ ಒಸಾಕಾಗೆ ಹಾರುವ ಟಿಕೆಟ್ ಅಗ್ಗವಾಗಿ ಕಾಣಬಹುದು. ಲಗೇಜು ಎತ್ತಿಕೊಂಡು, ಇಮಿಗ್ರೇಷನ್ ದಾಟಿ, ಊರಿನ ಆಚೆ ಬದಿಗೆ ಹೋಗುವ ಶ್ರಮ ಆ ಬೆಲೆಯಲ್ಲಿ ಕಾಣುವುದಿಲ್ಲ. ನಮ್ಮ ದೇಶದಲ್ಲೂ ಹೀಗೆಯೇ. ಬೆಂಗಳೂರಿನಿಂದ ದೆಹಲಿಯ ಒಂದನೇ ಟರ್ಮಿನಲ್‌ನಲ್ಲಿ ಇಳಿದರೆ, ವಿದೇಶಿ ವಿಮಾನ ಹೊರಡುವ ಮೂರನೆಯದಕ್ಕೆ ಹೊರಗಿನ ರಸ್ತೆಯಲ್ಲೇ ಹೋಗಬೇಕು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು ಬೆಳಗಿನ ವಿಮಾನಗಳನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಆ ಎರಡು ತಿಂಗಳು ದೆಹಲಿಯ ಮೇಲೆ ಹೋಗದಿರುವುದೇ ಒಳ್ಳೆಯದು. ವಾಪಸು ಬರುವಾಗ ದೆಹಲಿಯಲ್ಲೋ ಮುಂಬೈಯಲ್ಲೋ ವಿಮಾನ ಬದಲಿಸಿದರೆ ಸಾಮಾನ್ಯವಾಗಿ ಅಲ್ಲಿಯೇ ಸೂಟ್‌ಕೇಸ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಅದಕ್ಕೆ ಎರಡು ಗಂಟೆ ಸಾಲದು.

ಕೋಲಾರ, ಬಂಗಾರಪೇಟೆ ಕಡೆಯವರಿಗೆ ಚೆನ್ನೈ ಕೂಡ ಒಂದು ದಾರಿ. ಬಂಗಾರಪೇಟೆಯಲ್ಲಿ ಚೆನ್ನೈ ರೈಲುಗಳು ನಿಲ್ಲುತ್ತವೆ, ಚೆನ್ನೈ ಸೆಂಟ್ರಲ್‌ನಿಂದ ವಿಮಾನ ನಿಲ್ದಾಣದವರೆಗೆ ಮೆಟ್ರೊ ಇದೆ. ಆದರೆ ದರದಲ್ಲಿ ತಲೆಗೆ ಸಾವಿರ ರೂಪಾಯಿ ಉಳಿತಾಯ ಎಂದು ಅಲ್ಲಿಗೆ ಹೋಗಬೇಡಿ. ನಿಮಗೆ ಬೇಕಾದ ಊರಿಗೆ ಚೆನ್ನೈನಿಂದ ನೇರ ವಿಮಾನವಿದ್ದು ಬೆಂಗಳೂರಿನಿಂದ ಇಲ್ಲದಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ನಡುವೆ ಇಳಿಯುವ ಊರು

ನೇರ ವಿಮಾನ ಇಲ್ಲದಿದ್ದಾಗ ಬದಲಿಸುವ ಊರಿನ ಬಗ್ಗೆ ಮೂರು ಪ್ರಶ್ನೆ ಕೇಳಿ. ಅಲ್ಲಿ ಟ್ರಾನ್ಸಿಟ್ ವೀಸಾ ಬೇಕೆ? ಇಮಿಗ್ರೇಷನ್ ಅಲ್ಲೇ ಆಗುತ್ತದೆಯೆ? ವಿಮಾನ ತಪ್ಪಿದರೆ ಅದೇ ದಿನ ಇನ್ನೊಂದು ಇದೆಯೆ?

ಭಾರತದ ಪಾಸ್‌ಪೋರ್ಟ್ ಹಿಡಿದವರು ಹೀಥ್ರೂನಲ್ಲಿ ಹೊರಗೆ ಕಾಲಿಡದೆ ವಿಮಾನ ಬದಲಿಸಲೂ, ವಿನಾಯಿತಿಯ ವರ್ಗದಲ್ಲಿ ಇಲ್ಲದಿದ್ದರೆ, ಟ್ರಾನ್ಸಿಟ್ ವೀಸಾ ಪಡೆಯಬೇಕು. ಅಮೆರಿಕದಲ್ಲಿ ಟ್ರಾನ್ಸಿಟ್‌ಗೆಂದು ಪ್ರತ್ಯೇಕ ಜಾಗವೇ ಇಲ್ಲ. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್ ಎಲ್ಲ ಮುಗಿಯಬೇಕು.

ಯುರೋಪಿನಲ್ಲಿ ಎರಡನೇ ಪ್ರಶ್ನೆಯೇ ದೊಡ್ಡದು. ಬೆಂಗಳೂರು–ಫ್ರಾಂಕ್‌ಫರ್ಟ್–ರೋಮ್ ಎಂದು ಹೊರಟರೆ ಪಾಸ್‌ಪೋರ್ಟ್ ತಪಾಸಣೆ ಆಗುವುದು ರೋಮ್‌ನಲ್ಲಲ್ಲ, ಫ್ರಾಂಕ್‌ಫರ್ಟ್‌ನಲ್ಲಿ. ಅಲ್ಲಿಂದ ಮುಂದಿನದು ಒಳದೇಶದ ವಿಮಾನದಂತೆ. ವಿಮಾನ ಸಂಸ್ಥೆಗಳು ಆ ನಿಲ್ದಾಣದಲ್ಲಿ 45 ನಿಮಿಷದ ಅಂತರವನ್ನೂ ಮಾರುತ್ತವೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಹಂತ ಹಂತವಾಗಿ ಜಾರಿಗೆ ತಂದ ಹೊಸ ಪದ್ಧತಿಯಲ್ಲಿ ಹೊರಗಿನವರ ಬೆರಳಚ್ಚು, ಫೋಟೊ ದಾಖಲಿಸುತ್ತಾರೆ. ಸಾಲು ಬೇಗ ಕರಗುವುದಿಲ್ಲ. ಎರಡೂವರೆ ಗಂಟೆಗಿಂತ ಕಡಿಮೆ ಅಂತರವಿರುವ ಟಿಕೆಟ್ ಬೇಡ. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಮೂರು ಗಂಟೆ ಇರಲಿ. ದೋಹಾ, ದುಬೈ, ಅಬುಧಾಬಿ ಮೇಲೆ ಹೋದರೆ ಇಮಿಗ್ರೇಷನ್ ಕೊನೆಯ ಊರಿನಲ್ಲಿ ಆಗುವುದರಿಂದ ನಡುವೆ ಎರಡು ಗಂಟೆ ಸಾಕು.

ನಡುವಿನ ಊರನ್ನೂ ನೋಡುವ ಆಸೆಯಿದ್ದರೆ ಒಂದು ಗೆರೆ ನೆನಪಿಡಿ: 24 ಗಂಟೆ. ಅದರೊಳಗಿನ ತಂಗುವಿಕೆ ಕನೆಕ್ಷನ್, ಮೀರಿದರೆ ಸ್ಟಾಪ್‌ಓವರ್. ದರದ ನಿಯಮ ಬದಲಾಗುವುದು ಅಲ್ಲಿಯೇ. ಬುಕ್ ಮಾಡುವಾಗ 23 ಗಂಟೆಯ ಅಂತರದ್ದು ಹುಡುಕಿದರೆ ಹಲವು ಬಾರಿ ಹೆಚ್ಚುವರಿ ಹಣವಿಲ್ಲದೆ ಒಂದು ಇಡೀ ದಿನ ಸಿಗುತ್ತದೆ. ಹೊರಗೆ ಹೋಗಲು ಆ ದೇಶದ ವೀಸಾ ಇರಬೇಕು ಎಂಬುದು ಬೇರೆ ಮಾತು.

ಒಂದೇ ಟಿಕೆಟ್, ಒಂದೇ ಪಿಎನ್‌ಆರ್

ದೂರದ ಹಾರಾಟಗಳೆಲ್ಲ ಒಂದೇ ಟಿಕೆಟ್‌ನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಕೂರಿಸುವ ಹೊಣೆ ಆಗ ಸಂಸ್ಥೆಯದು. ಬೇರೆ ಬೇರೆ ಕೊಂಡಿದ್ದರೆ ಎರಡನೇ ಸಂಸ್ಥೆಯ ಕಣ್ಣಿಗೆ ನೀವು ಬಾರದೆ ಹೋದ ಪ್ರಯಾಣಿಕರು, ಅಷ್ಟೆ. ಒಂದೇ ಟಿಕೆಟ್‌ಗೂ ಒಂದು ಷರತ್ತಿದೆ: ನಡುವಿನ ಒಂದು ಹಾರಾಟ ಬಿಟ್ಟರೆ ಉಳಿದವೆಲ್ಲ ತಾವಾಗಿ ರದ್ದಾಗುತ್ತವೆ. ‘ಈ ತುಂಡು ರೈಲಿನಲ್ಲಿ ಹೋಗೋಣ’ ಎಂದು ಮನಸ್ಸು ಬದಲಿಸಿದ ಕುಟುಂಬ ವಾಪಸಿನ ಟಿಕೆಟ್ ಕಳೆದುಕೊಳ್ಳುವುದು ಹೀಗೆ.

ಅಲ್ಲಿನ ಅಗ್ಗದ ಒಳವಿಮಾನ ಹತ್ತಲೇಬೇಕೆಂದಿದ್ದರೆ ಲಗೇಜಿನ ಹಣ ಸೇರಿಸಿಯೇ ದರ ಹೋಲಿಸಿ. ರಯಾನ್‌ಏರ್‌ನಂಥ ಸಂಸ್ಥೆಯ ಮೂಲ ದರಕ್ಕೆ ಸೀಟಿನ ಕೆಳಗೆ ತೂರುವ ಸಣ್ಣ ಚೀಲ ಮಾತ್ರ ಸಿಗುತ್ತದೆ. ಬೆಂಗಳೂರಿನಿಂದ ತಂದ 23 ಕೆ.ಜಿ. ಸೂಟ್‌ಕೇಸ್‌ಗೆ ಬೇರೆ ಹಣ. ಯುರೋಪಿನವರಲ್ಲದ ಪ್ರಯಾಣಿಕರು ಭದ್ರತಾ ತಪಾಸಣೆಗೆ ಮುಂಚೆ ಕೌಂಟರ್‌ನಲ್ಲಿ ವೀಸಾ ತೋರಿಸಬೇಕೆಂಬ ನಿಯಮವೂ ಅಲ್ಲಿದೆ. ನೇರ ಗೇಟಿಗೆ ಹೋದವರು ವಾಪಸು ಬರಬೇಕಾಗುತ್ತದೆ. ವಿದೇಶಿ ಸಂಸ್ಥೆಗೆ ಹಣ ಕಟ್ಟುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡಿ. 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ.

ತಿಪಟೂರಿನ ಕೊಬ್ಬರಿ ಗಿಟುಕು ಚೀಲಕ್ಕೆ ಹಾಕಬೇಡಿ. ಎಣ್ಣೆಯಂಶದಿಂದ ಬೆಂಕಿ ಹಿಡಿಯಬಹುದೆಂದು ಒಣಕೊಬ್ಬರಿಯನ್ನು ವಿಮಾನದ ಲಗೇಜಿನಲ್ಲಿ ನಿಷೇಧಿಸಲಾಗಿದೆ. ತುಪ್ಪ, ಹಾಲಿನ ಸಿಹಿಯನ್ನು ಯುರೋಪಿಯನ್ ಒಕ್ಕೂಟದ ಗಡಿಯಲ್ಲಿ ಕಿತ್ತುಕೊಳ್ಳುತ್ತಾರೆ.

ಹೆಸರು, ತಾರೀಖು, ದಾರಿ

ನಮ್ಮ ಕಡೆ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿರುತ್ತದೆ. ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಟಿಕೆಟ್‌ನಲ್ಲಿ ಇರಬೇಕಾದ್ದು ಪಾಸ್‌ಪೋರ್ಟ್‌ನ ಹೆಸರು ಮಾತ್ರ, ಅಕ್ಷರ ಅಕ್ಷರವೂ. ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗ ಖಾಲಿಯಿದ್ದರೆ ಹೇಗೆ ತುಂಬಬೇಕೆಂದು ಒಂದೊಂದು ಸಂಸ್ಥೆಯ ಪದ್ಧತಿ ಒಂದೊಂದು, ಕೇಳಿಯೇ ತುಂಬಿ. ದುಬೈ, ಅಬುಧಾಬಿಯಲ್ಲಿ ಹೊರಗೆ ಹೋಗುವ ಯೋಜನೆಯಿದ್ದರೆ ಇದು ಇನ್ನೂ ಮುಖ್ಯ: ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್‌ಗೆ ಅಲ್ಲಿನ ಭೇಟಿ ವೀಸಾ ವಿಷಯದಲ್ಲಿ 2022ರ ನವೆಂಬರ್‌ನಿಂದ ನಿರ್ಬಂಧವಿದೆ.

ತಾರೀಖಿನ ತಪ್ಪು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುಬಾರಿ. ಯುರೋಪಿನ ಹಲವು ವಿಮಾನ ಬೆಂಗಳೂರು ಬಿಡುವುದು ನಡುರಾತ್ರಿ ಕಳೆದ ಮೇಲೆ. ಟಿಕೆಟ್‌ನಲ್ಲಿ ‘ಮೇ 10, 02.40’ ಎಂದಿದ್ದರೆ ಮನೆ ಬಿಡಬೇಕಾದ್ದು ಮೇ 9ರ ರಾತ್ರಿ. ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು, ಅಂದರೆ 9ರ ರಾತ್ರಿ 11.40. ತುಮಕೂರಿನವರು ಎಂಟೂವರೆಗೆ ಹೊರಟರೆ ಟೈರ್ ಪಂಕ್ಚರ್ ಆದರೂ ಗಾಬರಿಯಿಲ್ಲ. ಆ ಕಡೆಯ ಹೋಟೆಲು ಮೇ 10ರಿಂದ ಬುಕ್ ಆಗಿರಲಿ, ಏಕೆಂದರೆ ಅದೇ ದಿನ ಬೆಳಿಗ್ಗೆ ಅಲ್ಲಿ ಇಳಿದಿರುತ್ತೀರಿ.

ಚಿಕ್ಕಬಳ್ಳಾಪುರದವರು ಹತ್ತಿರವಿದ್ದೇವೆಂದು ಮೈಮರೆಯಬಾರದು. ಶನಿವಾರ, ಭಾನುವಾರ ಸಂಜೆ ನಂದಿಬೆಟ್ಟ, ಆದಿಯೋಗಿ ನೋಡಿ ಬೆಂಗಳೂರಿಗೆ ಮರಳುವ ಕಾರುಗಳು ನಿಮ್ಮ ದಾರಿಯಲ್ಲೇ ತುಂಬಿಕೊಳ್ಳುತ್ತವೆ. ಮುಕ್ಕಾಲು ಗಂಟೆಯ ದಾರಿಗೆ ಅಂದು ದುಪ್ಪಟ್ಟು ಇಟ್ಟುಕೊಳ್ಳಿ. ಡ್ರೈವರ್‌ಗೆ ಎರಡನೇ ಟರ್ಮಿನಲ್ ಎಂದು ಮೊದಲೇ ಹೇಳಿ. 2023ರ ಸೆಪ್ಟೆಂಬರ್‌ನಿಂದ ಬೆಂಗಳೂರಿನ ವಿದೇಶಿ ವಿಮಾನಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ.