ಮಕ್ಕಳಿಗೆ ಡಿಯೋಡರೆಂಟ್ ಹಚ್ಚುವ ಕಾಲ ಯಾವುದು?

ಮೂರನೆಯ ಅಥವಾ ನಾಲ್ಕನೆಯ ತರಗತಿಯ ಮಗು ಶಾಲೆಯಿಂದ ಬಂದು ಸಮವಸ್ತ್ರ ಕಳಚಿದಾಗ ದೊಡ್ಡವರದ್ದೇ ಬೆವರಿನ ವಾಸನೆ ಬರುತ್ತಿದೆ, ಇಷ್ಟು ಎಳೆಯ ಮೈಗೆ ಡಿಯೋಡರೆಂಟ್ ಹಚ್ಚಬಹುದೇ ಎಂದು ನಮ್ಮ ಬಳಗದ ತಾಯಂದಿರು ಆಗಾಗ ಕೇಳುತ್ತಾರೆ. ವಯಸ್ಸಿನ ಲೆಕ್ಕ ಹಿಡಿದು ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ದಿನವೂ ಸರಿಯಾಗಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡರೂ ಮಧ್ಯಾಹ್ನದ ಹೊತ್ತಿಗೆ ಕಂಕುಳಿನಲ್ಲಿ ವಾಸನೆ ಮರಳಿ ಬರುತ್ತಿದ್ದರೆ ಆಗ ಅದರ ಯೋಚನೆ ಮಾಡಬೇಕು. ಅದಕ್ಕೂ ಮೊದಲು ಯಾವ ಕಾರಣಕ್ಕೂ ಬೇಡ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹೀಗೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಮೈಯಲ್ಲಿ ಬೆವರಿನ ಗ್ರಂಥಿಗಳು ಮುಖ್ಯವಾಗಿ ಎರಡು ಬಗೆ. ಹಣೆ, ಬೆನ್ನು, ಅಂಗೈ ಎನ್ನದೆ ಹೆಚ್ಚುಕಡಿಮೆ ಇಡೀ ಮೈಯಲ್ಲಿ ಹರಡಿರುವ ಮೊದಲನೆಯ ಬಗೆ ಎಳವೆಯಿಂದಲೇ ಕೆಲಸ ಮಾಡುತ್ತದೆ. ಅದರಿಂದ ಬರುವುದು ಬಹುಪಾಲು ನೀರು ಮತ್ತು ಉಪ್ಪು, ಮೈಯನ್ನು ತಂಪಾಗಿಡುವುದಷ್ಟೇ ಅದರ ಕೆಲಸ. ಆದ್ದರಿಂದ ಬಿಸಿಲಿನಲ್ಲಿ ಆಡಿ ಬಂದ ಐದು ವರ್ಷದ ಮಗು ತೊಯ್ದು ತೊಪ್ಪೆಯಾಗಿದ್ದರೂ ಅದರ ಕಂಕುಳು ನಾರುವುದಿಲ್ಲ. ಎರಡನೆಯ ಬಗೆಯ ಗ್ರಂಥಿಗಳು ಕಂಕುಳು, ತೊಡೆಸಂದುಗಳಂತಹ ಕಡೆ ಇದ್ದು, ಮಕ್ಕಳು ಪ್ರಾಯಕ್ಕೆ ಬರುವ ಹೊತ್ತಿಗೆ ಚುರುಕಾಗುತ್ತವೆ. ಅವುಗಳಿಂದ ಒಸರುವ ಜಿಡ್ಡು ಮತ್ತು ಪ್ರೋಟೀನಿನ ಅಂಶವುಳ್ಳ ಬೆವರಿಗೂ ಹೊರಬಂದ ಕ್ಷಣದಲ್ಲಿ ವಾಸನೆಯಿರುವುದಿಲ್ಲ. ಚರ್ಮದ ಮೇಲೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಆ ಘಾಟು ಹುಟ್ಟುತ್ತದೆ. ಎಂದ ಮೇಲೆ ಚಿಕ್ಕ ಮಗುವಿಗೆ ಡಿಯೋಡರೆಂಟಿನಿಂದ ಆಗಬೇಕಾದ ಕೆಲಸವೇ ಇಲ್ಲ.

ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದೊಳಗೆ ಪ್ರಾಯದ ಬದಲಾವಣೆಗಳು ಆರಂಭವಾಗುತ್ತವೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಇದಕ್ಕಿಂತ ತುಸು ಮುಂಚೆಯೇ ಎಚ್ಚರಗೊಳ್ಳುವುದರಿಂದ, ಬೇರಾವ ಲಕ್ಷಣವೂ ಇಲ್ಲದೆ ಮೊದಲು ಬೆವರಿನ ವಾಸನೆಯಷ್ಟೇ ಕಾಣಿಸಿಕೊಳ್ಳುವುದುಂಟು. ಅದು ಹೆಚ್ಚಿನ ಮಕ್ಕಳಲ್ಲಿ ಗಾಬರಿಪಡುವ ಸಂಗತಿಯಲ್ಲ. ಆದರೂ ಹುಡುಗಿಗೆ 8 ತುಂಬುವ ಮೊದಲು, ಹುಡುಗನಿಗೆ 9 ತುಂಬುವ ಮೊದಲು ಇಂತಹ ವಾಸನೆ ಬಂದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಅದರ ಜೊತೆಗೆ ಎದೆಯ ಬೆಳವಣಿಗೆ, ಕಂಕುಳಿನ ಕೂದಲು, ಮುಖದಲ್ಲಿ ಮೊಡವೆ, ಇದ್ದಕ್ಕಿದ್ದಂತೆ ಎತ್ತರ ಏರುವುದು ಇವುಗಳಲ್ಲಿ ಯಾವುದು ಕಂಡರೂ ತಡ ಮಾಡಲೇಬಾರದು. ಮೂರು ನಾಲ್ಕು ವರ್ಷದ ಮಗುವಿನ ಬಳಿ ಕೆಟ್ಟ ವಾಸನೆ ಬರುತ್ತಿದ್ದು, ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿದ್ದರೆ ಮಣಿಯೋ ಕಡಲೆಬೀಜವೋ ಮೂಗಿನೊಳಗೆ ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಮನೆಯಲ್ಲಿ ಕೆದಕಲು ಹೋಗದೆ ವೈದ್ಯರ ಬಳಿ ಕರೆದೊಯ್ಯಿರಿ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಎಂಟು ಹತ್ತು ವರ್ಷದ ಮಕ್ಕಳು ತಾವೇ ಸ್ನಾನ ಮಾಡಲು ಕಲಿತ ಹೊಸತರಲ್ಲಿ ತಲೆಗೆ ಎರಡು ಚೊಂಬು ನೀರು ಸುರಿದುಕೊಂಡು ಹೊರಗೆ ಬರುತ್ತಾರೆ. ಕಂಕುಳಿಗೆ ಸೋಪು ಮುಟ್ಟಿರುವುದೇ ಇಲ್ಲ. ಕೈ ಎತ್ತಿ ಸೋಪಿನ ನೊರೆಯಿಂದ ತಿಕ್ಕಿ, ಚೆನ್ನಾಗಿ ತೊಳೆದು, ಒಣ ಟವೆಲಿನಿಂದ ತೇವ ಉಳಿಯದಂತೆ ಒರೆಸಿಕೊಳ್ಳುವುದನ್ನು ತಾಯಿಯೋ ತಂದೆಯೋ ಎದುರಿಗೆ ನಿಂತು ಕೆಲವು ದಿನ ಕಲಿಸಬೇಕು. ಆಟದ ಪೀರಿಯಡ್ ಇರುವ ದಿನ, ಬೇಸಿಗೆಯಲ್ಲಿ, ಮಂಗಳೂರು ಉಡುಪಿಗಳಂತಹ ಸೆಕೆಯ ಊರುಗಳಲ್ಲಿ ಸಂಜೆಯೂ ಒಂದು ಸ್ನಾನವಾಗಲಿ. ಕಡಲೆಹಿಟ್ಟು, ಹೆಸರುಹಿಟ್ಟುಗಳು ಮೈಯ ಎಣ್ಣೆ ತೆಗೆಯಲು ಒಳ್ಳೆಯವೇ, ಆದರೆ ಹಿಟ್ಟಿನ ಕಣ ಕಂಕುಳಿನ ಮಡಿಕೆಯಲ್ಲಿ ಉಳಿದರೆ ತುರಿಕೆಯಾಗುವುದರಿಂದ ಅಲ್ಲಿಗೆ ಸೋಪೇ ಸಾಕು.

ಬಟ್ಟೆಯ ವಿಷಯವನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು, ಏಕೆಂದರೆ ನನ್ನ ಅನುಭವದಲ್ಲಿ ಅರ್ಧ ದೂರು ಇಲ್ಲಿಯೇ ಮುಗಿದುಹೋಗುತ್ತದೆ. ಇಂದಿನ ಶಾಲಾ ಸಮವಸ್ತ್ರಗಳಲ್ಲಿ ಪಾಲಿಯೆಸ್ಟರ್ ಹೆಚ್ಚು; ಅದು ಬೆವರನ್ನು ಹೀರದೆ ಮೈಯ ಜಿಡ್ಡನ್ನು ಹಿಡಿದಿಟ್ಟುಕೊಳ್ಳುವುದರಿಂದ, ಒಗೆದ ಅಂಗಿಯೂ ಮೈಯ ಬಿಸಿ ತಾಗಿದ ಕೂಡಲೇ ಹಳೆಯ ವಾಸನೆ ಬಿಡುತ್ತದೆ. ಒಂದೇ ಅಂಗಿಯನ್ನು ಎರಡು ದಿನ ಹಾಕಿಸಬೇಡಿ. ಒಗೆಯುವ ಮೊದಲು ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಕಂಕುಳಿನ ಭಾಗಕ್ಕೆ ಸೋಪು ಹಚ್ಚಿ ಅರ್ಧ ಗಂಟೆ ಬಿಟ್ಟು, ಆಮೇಲೆ ತಿಕ್ಕಿ ಒಗೆದು ಬಿಸಿಲಿಗೆ ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲನ್ನು ನೆಚ್ಚುವಂತಿಲ್ಲವಾದ್ದರಿಂದ ಒಂದು ಜೊತೆ ಸಮವಸ್ತ್ರ ಹೆಚ್ಚಿಗೆ ಇರಿಸಿಕೊಂಡು, ಫ್ಯಾನಿನ ಕೆಳಗೆ ಪೂರ್ತಿ ಒಣಗಿದ್ದನ್ನೇ ಹಾಕಿಸಿ. ಅರೆಒಣಗಿದ ಬಟ್ಟೆಯ ಮುಗ್ಗಲು ವಾಸನೆಯನ್ನು ಮಗುವಿನ ಮೈಯದ್ದೆಂದು ತಿಳಿಯುವವರಿದ್ದಾರೆ. ಒಳಗೆ ಹತ್ತಿಯ ಬನಿಯನ್ ಇರಲಿ. ಕಾಲುಚೀಲ ದಿನವೂ ಬದಲಾಗಲಿ.

ಇಷ್ಟನ್ನೂ ಎರಡು ಮೂರು ವಾರ ನಿಷ್ಠೆಯಿಂದ ಮಾಡಿದ ಮೇಲೂ ವಾಸನೆ ಉಳಿದರೆ ಡಿಯೋಡರೆಂಟ್ ತರಲು ಹಿಂಜರಿಯಬೇಕಾಗಿಲ್ಲ. ಆಗ ‘ಇನ್ನೂ ಚಿಕ್ಕವಳು’ ಎಂದು ಮುಂದೂಡುವುದು ಮಗುವನ್ನು ತರಗತಿಯ ಹೀಯಾಳಿಕೆಗೆ ಒಡ್ಡಿದಂತೆ. ಕೊಳ್ಳುವಾಗ ಒಂದು ವ್ಯತ್ಯಾಸ ಗೊತ್ತಿರಲಿ. ಡಿಯೋಡರೆಂಟ್ ವಾಸನೆಯನ್ನು ತಡೆಯುತ್ತದೆ, ಬೆವರನ್ನಲ್ಲ. ಆಂಟಿಪರ್ಸ್ಪಿರೆಂಟ್ ಎಂದು ಬರೆದಿರುವುದರಲ್ಲಿ ಅಲ್ಯೂಮಿನಿಯಂ ಲವಣಗಳಿದ್ದು, ಅವು ಬೆವರಿನ ರಂಧ್ರಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ಅದರಿಂದ ಕ್ಯಾನ್ಸರ್ ಬರುತ್ತದೆಂಬ ಮಾತಿಗೆ ದೃಢವಾದ ಆಧಾರವಿಲ್ಲ. ಆದರೂ ಮಕ್ಕಳಿಗೆ ಮೊದಲು ಡಿಯೋಡರೆಂಟ್ ಸಾಕು, ಅಂಗಿ ತೊಯ್ಯುವಷ್ಟು ಬೆವರುವವರ ವಿಷಯದಲ್ಲಿ ವೈದ್ಯರನ್ನೇ ಕೇಳಿ. ಸುಗಂಧವಿಲ್ಲದ ಅಥವಾ ಬಹಳ ಕಡಿಮೆಯಿರುವ, ಆಲ್ಕೋಹಾಲ್ ಇಲ್ಲದ ರೋಲ್ ಆನ್ ಮಕ್ಕಳಿಗೆ ಒಳ್ಳೆಯದು. ಸ್ಪ್ರೇ ಡಬ್ಬಿಯನ್ನು ಮಕ್ಕಳ ಕೈಗೆ ಕೊಡಲೇಬೇಡಿ: ಅದರ ಅನಿಲ ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುತ್ತದೆ, ದೇವರ ದೀಪದ ಹತ್ತಿರವೂ ಅಡುಗೆಮನೆಯಲ್ಲೂ ಅದು ಅಪಾಯ, ಉಬ್ಬಸವಿರುವ ಮಕ್ಕಳಿಗೆ ಅದರ ಹನಿಗಳು ತೊಂದರೆ ಕೊಡುತ್ತವೆ, ಬೇಕೆಂದೇ ಮೂಸಿದರೆ ಜೀವಕ್ಕೇ ಕುತ್ತು ಬರಬಹುದು.

ಹೊಸದನ್ನು ತಂದಾಗ ಮೊದಲು ಮೊಣಕೈಯ ಒಳಭಾಗಕ್ಕೆ ಚೂರು ಹಚ್ಚಿ ಎರಡು ದಿನ ನೋಡಿ. ಕೆಂಪಾಗದಿದ್ದರೆ ಸ್ನಾನದ ನಂತರ ಪೂರ್ತಿ ಒಣಗಿದ ಕಂಕುಳಿಗೆ ತೆಳುವಾಗಿ ಹಚ್ಚಬಹುದು. ಗಾಯ, ಬೆವರುಸಾಲೆ ಇದ್ದ ದಿನ ಬೇಡ. ಅಡುಗೆಸೋಡ ಮತ್ತು ನಿಂಬೆರಸವನ್ನು ಹಚ್ಚುವ ಪದ್ಧತಿ ಕೆಲವು ಮನೆಗಳಲ್ಲಿದೆ. ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಎಳೆಯ ಚರ್ಮವನ್ನು ಉರಿಸುವುದರಿಂದ ನಾನು ಒಪ್ಪುವುದಿಲ್ಲ. ಕ್ಷೌರದಂಗಡಿಯಲ್ಲಿ ಕಾಣುವ ಪಟಿಕವನ್ನು ಒದ್ದೆ ಮಾಡಿ ಹಗುರವಾಗಿ ಸವರುವುದು ಅಷ್ಟು ಕಟುವಲ್ಲ, ಆದರೆ ಅದೂ ಅಲ್ಯೂಮಿನಿಯಂ ಲವಣವೇ ಎಂಬುದು ನೆನಪಿರಲಿ.

ಮಗುವಿಗೆ ಇದನ್ನು ಹೇಳುವ ಬಗೆಯೂ ಮುಖ್ಯ. ನೆಂಟರ ಎದುರು, ಅಣ್ಣತಮ್ಮಂದಿರ ಎದುರು ಈ ಮಾತು ಎತ್ತಬೇಡಿ. ‘ನೀನು ದೊಡ್ಡವಳಾಗುತ್ತಿದ್ದೀಯ ಪುಟ್ಟಿ, ಮೈ ಬದಲಾಗುತ್ತದೆ, ನಮಗೂ ಹೀಗೆಯೇ ಆಗಿತ್ತು’ ಎಂದು ಒಬ್ಬಳೇ ಇದ್ದಾಗ ಹೇಳಿ. ಹುಡುಗನಾದರೆ ತಂದೆ ಹೇಳುವುದು ಇನ್ನೂ ಚೆನ್ನ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಮಕ್ಕಳು ಆರನೆಯ ತರಗತಿಗೇ ಸೇರುತ್ತಾರೆ. ಮೈ ಬದಲಾಗುವ ಕಾಲವೂ, ಮನೆ ಬಿಡುವ ಕಾಲವೂ ಒಂದೇ ಆಗಿಬಿಡುತ್ತದೆ. ಅಂತಹ ಮಕ್ಕಳ ಪೆಟ್ಟಿಗೆಯಲ್ಲಿ ಎರಡು ಟವೆಲು, ಬಟ್ಟೆ ಸೋಪು, ಹೆಚ್ಚಿಗೆ ಬನಿಯನ್ನುಗಳು ಮತ್ತು ಅಗತ್ಯವಿದ್ದರೆ ಹೆಸರು ಬರೆದ ಒಂದು ರೋಲ್ ಆನ್ ಇಡಿ. ಅದನ್ನು ಗೆಳೆಯರೊಂದಿಗೆ ಹಂಚಿಕೊಳ್ಳಬಾರದೆಂದೂ, ರಾತ್ರಿ ಮಲಗುವ ಮೊದಲು ಕಂಕುಳನ್ನು ತೊಳೆದುಕೊಳ್ಳಬೇಕೆಂದೂ ಹೊರಡುವ ಮುನ್ನವೇ ರೂಢಿ ಮಾಡಿಸಿ.