ನೇತ್ರಾಣಿಗೆ ಕ್ಯಾಮೆರಾ ಒಯ್ಯುವ ಮುನ್ನ: ಡೈವ್ ಸೆಂಟರ್ ಆರಿಸುವುದು ಹೇಗೆ?

ಮುರ್ಡೇಶ್ವರದ ದಡದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿ.ಮೀ. ದೂರ. ಮಳೆಗಾಲದಲ್ಲಿ ಅಲ್ಲಿ ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವುದು) ನಿಂತಿರುತ್ತದೆ, ಸೀಸನ್ ಶುರುವಾಗುವುದು ಅಕ್ಟೋಬರ್ ಹೊತ್ತಿಗೆ. ನೀರೊಳಗಿನ ಫೋಟೊಗೆಂದು ಹೊರಟವರೂ ಡೈವಿಂಗ್‌ಗೆ ಕರೆದೊಯ್ಯುವ ಸೆಂಟರ್‌ಗೆ ಫೋನ್ ಮಾಡಿ ಮೊದಲು ಕೇಳುವುದು ರೇಟು. ಅದನ್ನು ಕೊನೆಗೆ ಕೇಳಿ. ನೀರಿನ ಕೆಳಗೆ ಎಷ್ಟು ಹೊತ್ತು ಬಿಡುತ್ತಾರೆ ಅನ್ನುವುದು ಫೋಟೊ ತೆಗೆಯುವ ನಮಗೆ ಅದಕ್ಕಿಂತ ಮುಖ್ಯ.

ಅಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಮೊದಲ ಸಲ ನೀರಿಗಿಳಿಯುವವರು. ಇನ್‌ಸ್ಟ್ರಕ್ಟರ್ ಅವರನ್ನು ಹಿಡಿದುಕೊಂಡೇ ಸುತ್ತಿಸುತ್ತಾರೆ. ನೀವೂ ಮೊದಲ ಸಲದವರಾದರೆ ದಯವಿಟ್ಟು ಕ್ಯಾಮೆರಾ ಮನೆಯಲ್ಲೇ ಬಿಡಿ. ನೀರಲ್ಲಿ ಒಂದೇ ಮಟ್ಟದಲ್ಲಿ ತೇಲಿ ನಿಲ್ಲಲು ಬಾರದವರ ಕಾಲು ಹವಳಕ್ಕೆ ತಾಗುತ್ತದೆ, ಹವಳ ಮುರಿಯುತ್ತದೆ. ಒಳ್ಳೆಯ ಸೆಂಟರ್‌ನವರು ಇದನ್ನು ತಾವಾಗಿಯೇ ಹೇಳುತ್ತಾರೆ. ಡೈವಿಂಗ್ ಕಲಿತ ಸರ್ಟಿಫಿಕೇಟ್ ಇದ್ದರೂ 'ಕೊನೆಯ ಡೈವ್ ಯಾವಾಗ ಮಾಡಿದ್ರಿ?' ಅಂತ ಕೇಳುತ್ತಾರೆ. ಏನೂ ಕೇಳದೆ 'ಬನ್ನಿ ಸರ್, ತೊಂದ್ರೆ ಇಲ್ಲ' ಅಂದರೆ ಬೇರೆ ಕಡೆ ನೋಡಿ.

ಆಮೇಲೆ, ಒಬ್ಬ ಗೈಡ್‌ಗೆ ಎಷ್ಟು ಜನ ಅಂತ ಕೇಳಿ. ನಾಲ್ಕು ಜನ ಅಂದರೆ ಪರವಾಗಿಲ್ಲ, ಕ್ಯಾಮೆರಾ ಹಿಡಿದ ಇಬ್ಬರಷ್ಟೇ ಇದ್ದರೆ ಇನ್ನೂ ಚೆನ್ನ. ಬಂಡೆಯ ಸಂದಿಯಿಂದ ಮೊರೆ ಈಲ್ (ಹಾವಿನಂಥ ಮೀನು) ತಲೆ ಹೊರಹಾಕುವುದನ್ನು ನಾವು ಹತ್ತು ನಿಮಿಷ ಕಾಯುತ್ತೇವೆ. ಬರೀ ನೋಡಲು ಬಂದವರು ಅಷ್ಟು ಹೊತ್ತು ಯಾಕೆ ನಿಲ್ಲಬೇಕು, ಅಲ್ವಾ? ಒಂದೇ ಗುಂಪಾದರೆ ಇಬ್ಬರಿಗೂ ಅನ್ಯಾಯ.

ಹೊರಡುವ ಹಿಂದಿನ ದಿನ ನೀರು ಹೇಗಿದೆ ಅಂತ ವಿಚಾರಿಸಿ. 'ಇವತ್ತು ಐದು ಮೀಟರ್ ಮಾತ್ರ ಕಾಣ್ತಿತ್ತು' ಅನ್ನುವವರನ್ನು ನಂಬಬಹುದು. ಅಂಥ ನೀರಲ್ಲಿ ದೂರದ ದೃಶ್ಯ ಬಿಟ್ಟು ಸಣ್ಣ ಜೀವಿಗಳ ಹತ್ತಿರ ಹೋಗಬೇಕು. ಕೆಳಗಿಳಿದಂತೆ ಮೊದಲು ಮಾಯವಾಗುವುದು ಕೆಂಪು ಬಣ್ಣ, ಹಾಗಾಗಿ ಫ್ಲ್ಯಾಶ್ ಬೇಕು. ಆದರೆ ಅದನ್ನು ಲೆನ್ಸ್ ಪಕ್ಕದಲ್ಲೇ ಇಟ್ಟರೆ ನೀರಿನ ಕಣಗಳೆಲ್ಲ ಹಿಟ್ಟು ಎರಚಿದ ಹಾಗೆ ಬೆಳ್ಳಗೆ ಬರುತ್ತವೆ. ಲೆನ್ಸ್‌ನಿಂದ ದೂರಕ್ಕೆ, ಬದಿಗೆ ಸರಿಸಿಡಿ. ಇದು ಗೊತ್ತಿರುವ ಗೈಡ್ ಸಿಕ್ಕರೆ ಪುಣ್ಯ.

ಬೋಟಿನಲ್ಲಿ ಕ್ಯಾಮೆರಾಗೆ ಅಂತಲೇ ಸಿಹಿನೀರಿನ ಟಬ್ ಇದೆಯಾ? ಸಣ್ಣ ವಿಷಯ ಅನ್ನಿಸಬಹುದು. ಒಮ್ಮೆ ನಾನು ಟಬ್‌ನಲ್ಲಿಟ್ಟಿದ್ದ ಹೌಸಿಂಗ್ (ಕ್ಯಾಮೆರಾಗೆ ನೀರು ತಾಗದಂತೆ ಮುಚ್ಚುವ ಪೆಟ್ಟಿಗೆ) ಮೇಲೆ ಯಾರೋ ಮಾಸ್ಕು, ಉಸಿರಾಡುವ ರೆಗ್ಯುಲೇಟರ್ ಎಲ್ಲ ತಂದು ಸುರಿದರು. ಲೆನ್ಸ್ ಮುಂದಿನ ಗಾಜಿನ ಮೇಲೆ ಉಗುರಿನಷ್ಟು ಉದ್ದದ ಗೀರು ಬಿತ್ತು. ಆ ಟ್ರಿಪ್ಪಿನ ಉಳಿದ ಫೋಟೊಗಳಲ್ಲೆಲ್ಲ ಅದೇ ಗೀರು. ಅಲ್ಲಾಡುವ ಬೋಟಿನಲ್ಲಿ ಹೌಸಿಂಗ್ ತೆರೆಯಲು ಒಣ ಜಾಗವೂ ಬೇಕು. ಅದರ ಬಾಯಿಗೆ ಕೂರುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದೇ ಒಂದು ಕೂದಲು ಕೂತರೂ ನೀರು ಒಳಗೆ ಬರುತ್ತದೆ.

ಬೋಟಿನಲ್ಲಿ ತುರ್ತಿಗೆ ಅಂತ ಆಕ್ಸಿಜನ್ ಸಿಲಿಂಡರ್ ಇದೆಯಾ, ಸಮುದ್ರ ಕೆಟ್ಟು ಟ್ರಿಪ್ ರದ್ದಾದರೆ ದುಡ್ಡು ವಾಪಸ್ಸಾ ಅಂತಲೂ ಕೇಳಿಕೊಳ್ಳಿ. ವಿಮಾನದಲ್ಲಿ ಮರಳುವವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ಬಿಟ್ಟು ಟಿಕೆಟ್ ಮಾಡಿಸಿ.

ಫೋಟೊ ಚೆನ್ನಾಗಿ ಬರಲಿ ಅಂತ ಮೀನನ್ನು ಕಡ್ಡಿಯಿಂದ ತಿವಿಯುವ, ಆಮೆಯನ್ನು ಹಿಡಿದು ನಿಲ್ಲಿಸುವ ಗೈಡ್ ಇದ್ದರೆ ಆ ಸೆಂಟರ್ ಬೇಡವೇ ಬೇಡ.

ಸಾಧ್ಯವಾದರೆ ಒಂದು ದಿನ ಮೊದಲೇ ಮುರ್ಡೇಶ್ವರ ತಲುಪಿ. ಬೋಟ್ ವಾಪಸ್ ಬರುವ ಹೊತ್ತಿಗೆ ದಡದಲ್ಲಿರಿ. ಇಳಿದು ಬರುವವರಲ್ಲಿ ಕ್ಯಾಮೆರಾ ಹಿಡಿದವರು ಕಂಡರೆ ಅವರನ್ನೇ ಕೇಳಿ: 'ಕೆಳಗೆ ಎಷ್ಟು ಹೊತ್ತು ಇದ್ರಿ?'