ಅಂಟಿದ ಕೋಶವೆಲ್ಲ ಗುರುತು ಹಿಡಿದ ಕೋಶವಲ್ಲ

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ಟಿ ಕೋಶವೊಂದು ಎದುರಿನ ಕೋಶದ ಪೊರೆಯನ್ನು ಮುಟ್ಟಿ ರೋಗದ ಗುರುತು ಹಿಡಿಯುವ ಬಗೆ ನನ್ನ ಸಂಶೋಧನೆಯ ವಿಷಯ. ಮಣಿಪಾಲದ ಲ್ಯಾಬಿನಲ್ಲಿ ಆ ಎದುರಿನ ಕೋಶದ ಜಾಗಕ್ಕೆ ಗಾಜನ್ನೇ ಇಟ್ಟೆ. ಕವರ್‌ಸ್ಲಿಪ್ ಎಂಬ ತೆಳು ಗಾಜಿಗೆ, ಟಿ ಕೋಶದ ಗ್ರಾಹಕದ ಭಾಗವಾದ ಸಿಡಿ3 ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಲೇಪಿಸಿ, ಮೇಲೆ ಟಿ ಕೋಶ ಬಿಡುವುದು. ಗಾಜು ಸಪಾಟಾದ್ದರಿಂದ ಎರಡೂ ತಾಗುವ ಜಾಗವೆಲ್ಲ ಒಂದೇ ಫೋಕಸ್‌ನಲ್ಲಿ ಸಿಗುತ್ತದೆ.

ರಕ್ತದಿಂದ ಕೋಶ ಬೇರ್ಪಡಿಸುವಾಗಲೇ ನಮ್ಮ ಕರಾವಳಿಯ ಸೆಕೆ ಲೆಕ್ಕಕ್ಕೆ ಬರುತ್ತದೆ. ರಕ್ತದ ಕೋಶಗಳನ್ನು ತೂಕಕ್ಕೆ ತಕ್ಕಂತೆ ಪದರವಾಗಿಸುವ ಫೈಕಾಲ್ ದ್ರವದ ಸಾಂದ್ರತೆ 1.077 ಎನ್ನುವುದು 20 ಡಿಗ್ರಿಯ ಮಾತು. ‘ರೂಮ್ ಟೆಂಪರೇಚರ್’ ಎಂದು ಏಪ್ರಿಲ್ ಮಧ್ಯಾಹ್ನ ಮೇಜಿನ ಮೇಲಿಟ್ಟರೆ 30 ದಾಟುತ್ತದೆ. ದ್ರವ ಹಗುರಾಗಿ, ಬೇಕಾದ ಕೋಶಗಳೂ ತಳಕ್ಕಿಳಿಯಬಹುದು. ಹಾಗಾಗಿ ರಕ್ತ, ಫೈಕಾಲ್, ಸೆಂಟ್ರಿಫ್ಯೂಜ್ ಮೂರನ್ನೂ 20ಕ್ಕೆ ತಂದುಕೊಳ್ಳುತ್ತೇನೆ. ಯಂತ್ರ ಬ್ರೇಕ್ ಇಲ್ಲದೆ ತಾನಾಗಿ ನಿಲ್ಲಬೇಕು. ಆಗ ಹಳದಿ ಪ್ಲಾಸ್ಮಾದ ಕೆಳಗೆ ಗಂಜಿ ತಿಳಿಯಂಥ ಮಸುಕು ಪದರ ಕಾಣುತ್ತದೆ. ಬೇಕಾದದ್ದು ಅಷ್ಟೇ. ಪಿಪೆಟ್ ತುದಿಯನ್ನು ಕೊಳವೆಯ ಗೋಡೆಗೆ ತಾಗಿಸಿ, ಸುತ್ತ ತಿರುಗಿಸುತ್ತ ನಿಧಾನಕ್ಕೆ ಎಳೆದುಕೊಳ್ಳುತ್ತೇನೆ.

ಕೋಶ ಗಾಜಿಗೆ ಅಂಟಿತು ಎಂದಮಾತ್ರಕ್ಕೆ ಗುರುತು ಹಿಡಿಯಿತು ಎನ್ನಲಾಗದು. ನಾನು ನೋಡುವುದು ಟಿ ಕೋಶದ ಪೊರೆಯ ಮೇಲಿನ ಸಿಡಿ45 ಎಂಬ ಪ್ರೋಟೀನ್ ಎಲ್ಲಿದೆ ಎಂದು. ಟಿ ಕೋಶದ ಗ್ರಾಹಕ ತನ್ನ ಗುರಿಯನ್ನು ಹಿಡಿದಲ್ಲಿ ಎರಡು ಪೊರೆಗಳ ನಡುವಿನ ಅಂತರ ಸುಮಾರು 15 ನ್ಯಾನೋಮೀಟರ್. ಸಿಡಿ45 ಅದಕ್ಕಿಂತ ಎತ್ತರದ ಅಣು. ಆ ಸಂದಿಯಲ್ಲಿ ಹಿಡಿಸದೆ ಬದಿಗೆ ಸರಿಯುತ್ತದೆ. ಗ್ರಾಹಕಕ್ಕೆ ಸೇರಿದ ಫಾಸ್ಫೇಟನ್ನು ಕಿತ್ತುಹಾಕುವ ಕಿಣ್ವ ಅದೇ. ಅದು ದೂರಾದಾಗ ಫಾಸ್ಫೇಟ್ ಉಳಿದು, ಕೋಶದೊಳಕ್ಕೆ ಸಂದೇಶ ಹೊರಡುತ್ತದೆ. ಸೈಮನ್ ಡೇವಿಸ್ ಮತ್ತು ಆಂಟನ್ ವಾನ್ ಡರ್ ಮರ್ವೆ 1996ರಲ್ಲಿ ಮುಂದಿಟ್ಟ ಈ ವಿವರಣೆ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಒಪ್ಪಿಗೆಯಾದದ್ದು.

ಅದಕ್ಕೇ ಹೋಲಿಕೆಗೆ ಕೋಶ ಅಂಟಿಕೊಳ್ಳಲಷ್ಟೇ ನೆರವಾಗುವ ಐಕ್ಯಾಮ್-1 ಪ್ರೋಟೀನ್ ಲೇಪಿಸಿದ ಗಾಜನ್ನೂ ಇಡುತ್ತೇನೆ. ಅಲ್ಲಿ ಕೋಶ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ತೆವಳುತ್ತದೆ ಕೂಡ. ಆದರೆ ಅಂತರ ಸುಮಾರು 40 ನ್ಯಾನೋಮೀಟರ್, ಸಿಡಿ45ಗೆ ಧಾರಾಳ ಜಾಗ. ಸಿಡಿ45ಗೆ ಹೊಳೆಯುವ ಬಣ್ಣ ಹಾಕಿದರೆ ಎಲ್ಲೆಡೆ ಒಂದೇ ಸಮನೆ ಹೊಳೆಯುತ್ತದೆ. ಸಿಡಿ3 ಪ್ರತಿಕಾಯದ ಗಾಜಿನ ಮೇಲಾದರೆ ಅದೇ ಹೊಳಪಿನಲ್ಲಿ ಸಣ್ಣ ಸಣ್ಣ ಕಪ್ಪು ತೂತುಗಳು, ಒಂದೊಂದರಲ್ಲೂ ಗ್ರಾಹಕಗಳ ಗುಂಪು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಖುಷಿಯೇ ಬೇರೆ.

ಇದನ್ನು ಮಾಡಹೊರಡುವವರು ಮೈಕ್ರೋಸ್ಕೋಪಿನ ಸ್ಟೇಜ್ ಜೊತೆ ಆಬ್ಜೆಕ್ಟಿವ್ ಲೆನ್ಸನ್ನೂ 37 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ. ಎಸಿ ಕೋಣೆಯಲ್ಲಿ ಎಣ್ಣೆ ಹಾಕಿ ನೋಡುವ ಲೆನ್ಸ್, ಕೋಶದ ಶಾಖವನ್ನು ಎಳೆದುಕೊಂಡುಬಿಡುತ್ತದೆ. ಗಾಜಿಗೆ ಕಚ್ಚಿಕೊಂಡ ಪ್ರತಿಕಾಯ ಅಲುಗಾಡದು, ನಿಜವಾದ ಪೊರೆಯಲ್ಲಿ ಅಣುಗಳು ತೇಲಾಡುತ್ತಿರುತ್ತವೆ. ಹಾಗಾಗಿ ಈಗ ಗಾಜಿನ ಮೇಲೆ ಪೊರೆಯಂತೆಯೇ ಅಣುಗಳು ತೇಲಾಡಬಲ್ಲ ಲಿಪಿಡ್ (ಕೊಬ್ಬಿನ) ಪದರ ಹಾಸಲು ತೊಡಗಿದ್ದೇನೆ.